ತಗಡಪ್ಪನ ಹಲ್ಲುಚಕ್ರ

ಮುನಿಶಾಮಿ ಬೆಂಗಳೂರಿನಿಂದ ಮೇಲೂರಿಗೆ ವಾಪಸು ಬಂದು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ಅವನ ಅತ್ತಿಗೆ ಶ್ಯಾಮಲಮ್ಮ ಒಂದು ದಿನವೂ ಹಿತ್ತಲ ಬಾಗಿಲಿಗೆ ಬೆನ್ನು ಹಾಕಿ ಕೂತವಳಲ್ಲ. ಹಿತ್ತಲಲ್ಲಿ ಬಾವಿ ಇತ್ತು. ಬಾವಿಯ ಕಟ್ಟೆಯ ಮೇಲೆ ಮುನಿಶಾಮಿ ಇರುತ್ತಿದ್ದ. ಕಾರ್ಖಾನೆಯ ಪ್ರೆಸ್ಸು ಅವನ ಎಡಗೈಯ ಮೂರು ಬೆರಳನ್ನು ತಿಂದುಹಾಕಿ, ಹೆಬ್ಬೆರಳು ಕಿರುಬೆರಳನ್ನು ಮಾತ್ರ ಬಿಟ್ಟಿತ್ತು. ಆ ಕೈಯನ್ನು ಪಂಚೆಯ ಮಡಿಕೆಯಲ್ಲಿ ಅಡಗಿಸಿಕೊಂಡು ಅವನು ನೀರು ನೋಡುತ್ತ ಕೂರುತ್ತಿದ್ದ.

ಒಂದು ಮಧ್ಯಾಹ್ನ, ಊಟಕ್ಕೆ ಕರೆಯಲು ಹೋದವಳನ್ನು ಅವನು ತಿರುಗಿ ನೋಡದೆ ಕೇಳಿದ. "ಅತ್ತಿಗೆ, ಇದು ಎಷ್ಟು ಆಳುದ್ದ ಇದೆ?"

"ನಂಗೇನ್ ಗೊತ್ತಪ್ಪ, ನಾನು ಈ ಮನೆಗೆ ಬಂದೋಳು," ಎಂದಳು ಶ್ಯಾಮಲಮ್ಮ. "ಏಳು, ಮುದ್ದೆ ಆರುತ್ತೆ."

ಆ ಮಾತನ್ನು ಅವಳು ಗಂಡನಿಗೆ ಹೇಳಲಿಲ್ಲ. ಬಿ.ಎ. ಓದಿದ ಸೊಸೆ ಏನು ಹೇಳಿದರೂ ಈ ಮನೆಯಲ್ಲಿ ಅದು ಓದಿನ ಮಾತಾಗಿಯೇ ಕೇಳಿಸುತ್ತದೆಂದು ಅವಳಿಗೆ ಗೊತ್ತಿತ್ತು. ಹಾಗಾಗಿ ಒಂದು ಮಾತನ್ನು ಹೊರಗೆ ಬಿಡುವ ಮೊದಲು ಮೂರು ಸಲ ತೂಗುವುದು ಅವಳ ಅಭ್ಯಾಸ. ತೂಗಿ ಮುಗಿಯುವಷ್ಟರಲ್ಲಿ ಎಷ್ಟೋ ಸಲ ಹೇಳುವ ಹೊತ್ತೇ ಮೀರಿರುತ್ತಿತ್ತು.

ಅರವತ್ತೊಂದನೆಯ ಇಸವಿಯ ಮಳೆಗಾಲ ಮುಗಿಯುತ್ತಿದ್ದಾಗ ಶಿಡ್ಲಘಟ್ಟದ ಖಾಜಾ ಪೀರ್ ಸೈಕಲ್ ಏರಿ ಬಂದರು. ಈ ಮನೆಯ ರೇಷ್ಮೆಗೂಡನ್ನು ವರ್ಷಗಳಿಂದ ಕೊಳ್ಳುತ್ತಿದ್ದವರು ಅವರು. ಅಂದು ಗೂಡಿನ ಮಾತೆತ್ತದೆ, ಟವೆಲಿನ ಗಂಟು ಬಿಚ್ಚಿ ಜಗುಲಿಯ ಮೇಲೆ ಒಂದು ಗೊಂಬೆ ನಿಲ್ಲಿಸಿದರು. ಗೇಣೆತ್ತರದ ತಗಡಿನ ಮನುಷ್ಯ. ಚೌಕ ತಲೆ, ದುಂಡು ಕಣ್ಣು, ಎದೆಯ ಮೇಲೆ ಬಣ್ಣದ ಗಡಿಯಾರದಂಥ ಚಿತ್ರಗಳು, ಬೆನ್ನಲ್ಲೊಂದು ಕೀಲಿ.

"ಜಪಾನ್ ಮಾಲು. ಬೊಂಬಾಯಿಂದ ಐದು ತಂದಿದ್ದೆ, ನಮ್ಮ ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಒಂದೊಂದು," ಎಂದರು. "ಒಂದು ವರ್ಷ ಠಾಕುಠೀಕಾಗಿ ನಡೆದವು. ಈಗ ಐದೂ ನಿಂತುಬಿಟ್ಟಿವೆ. ನನ್ನ ಮಗಳು ಜಾಹಿದಾ ಎರಡು ದಿನದಿಂದ ಊಟ ಬಿಟ್ಟಿದ್ದಾಳೆ. ಮುನಿಶಾಮಿ, ನೀನು ಕಾರ್ಖಾನೇಲಿ ಇದ್ದೋನು, ಸ್ವಲ್ಪ ನೋಡಪ್ಪ."

"ಕಾರ್ಖಾನೆ ನನ್ನ ನೋಡಾಯ್ತಲ್ಲ ಸಾಬ್ರೆ," ಎಂದ ಮುನಿಶಾಮಿ.

ಒಳಗಿಂದ ಬಂದ ಅತ್ತೆ ಆದಿಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ಗೊಂಬೆಯನ್ನು ನೋಡಿದರು. "ಇದೇನು ದೇವುಡಾ, ತಗಡಪ್ಪ! ನಮ್ಮ ಶಾನುಭೋಗರ ಥರಾನೇ ಇದಾನೆ, ಕೀಲಿ ಕೊಟ್ರೇನೇ ಕಾಲು ಎತ್ತೋದು."

ಖಾಜಾ ಪೀರ್ ನಕ್ಕರು. ಮುನಿಶಾಮಿ ನಗಲಿಲ್ಲ. ಆದರೆ ಪಂಚೆಯ ಮಡಿಕೆಯಿಂದ ಎಡಗೈ ಹೊರಗೆ ಬಂದದ್ದನ್ನು ಶ್ಯಾಮಲಮ್ಮ ಬಾಗಿಲ ಸಂದಿಯಿಂದ ಕಂಡಳು. ಹೆಬ್ಬೆರಳು ಕಿರುಬೆರಳ ನಡುವೆ ತಗಡಪ್ಪನನ್ನು ಹಿಡಿದು ಅವನು ಕಿವಿಯ ಬಳಿ ಅಲ್ಲಾಡಿಸಿದ. ಒಳಗೆ ಏನೋ ಗಲಗಲ ಅಂದಿತು.

"ಒಂದು ಹಲ್ಲುಚಕ್ರದ ಹಲ್ಲು ಉದುರಿದೆ. ಐದಕ್ಕೂ ಅದೇ ಆಗಿರುತ್ತೆ," ಎಂದ. "ಅವರು ಆ ಚಕ್ರಾನ ಮೆತ್ತಗಿನ ತಗಡಲ್ಲಿ ಮಾಡಿದಾರೆ. ಹಿತ್ತಾಳೇಲಿ ಮಾಡಬೇಕಿತ್ತು."

"ಮಾಡಪ್ಪ ಹಂಗಾದ್ರೆ. ಉಳಿದ ನಾಲ್ಕನ್ನೂ ಕಳಿಸ್ತೀನಿ," ಎಂದರು ಖಾಜಾ ಪೀರ್.

ಮಾರನೆಯ ದಿನದಿಂದ ಬಾವಿಕಟ್ಟೆ ಖಾಲಿಯಾಯಿತು.

ಮುನಿಶಾಮಿ ಜಗುಲಿಯ ಮೂಲೆಯಲ್ಲಿ ಕೂತು ತೂತುಬಿದ್ದ ಹಿತ್ತಾಳೆ ಚೊಂಬಿನಿಂದ ಒಂದು ತುಂಡು ಕತ್ತರಿಸಿ ಬಡಿದು ಚಪ್ಪಟೆ ಮಾಡಿದ. ಎಂಟಾಣೆಗಿಂತ ಚಿಕ್ಕ ಬಿಲ್ಲೆ. ಅದರ ಅಂಚಿಗೆ ಹನ್ನೆರಡು ಹಲ್ಲು ಬರಬೇಕು, ಒಂದಕ್ಕೊಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಬಾರದು. ಎರಡು ಬಿಲ್ಲೆ ಹಾಳು ಮಾಡಿ ಅವನು ಹಲ್ಲು ತೀಡುವ ಅರವನ್ನು ಕೆಳಗಿಟ್ಟಾಗ ಶ್ಯಾಮಲಮ್ಮ ತನ್ನ ಹಳೆಯ ಟ್ರಂಕಿನಿಂದ ಕೈವಾರ ತಂದಳು.

"ಕೈವಾರ ಎಷ್ಟು ಅಗಲಿಸಿ ವೃತ್ತ ಎಳೆದೆಯೋ ಅಷ್ಟಕ್ಕೇ ಇಟ್ಟು ಸುತ್ತಲೂ ಗುರುತು ಹಾಕ್ಕೊಂಡು ಬಾ. ಸರಿಯಾಗಿ ಆರು ಬರುತ್ತೆ. ಆಮೇಲೆ ಒಂದೊಂದನ್ನೂ ಅರ್ಧ ಮಾಡು."

ಅವನು ಗುರುತು ಹಾಕಿ ನೋಡಿದ. ಏಳನೆಯ ಗುರುತು ಮೊದಲನೆಯದರ ಮೇಲೆ ಬಂದು ಕೂತಿತು. "ಓದಿದ್ದು ವ್ಯರ್ಥ ಆಗಲಿಲ್ಲ ಕಣತ್ತಿಗೆ," ಎಂದ. ಎಂಟು ತಿಂಗಳಲ್ಲಿ ಅವನು ಆಡಿದ ಮೊದಲ ತಮಾಷೆ ಅದು.

ಇನ್ನೊಂದು ತೊಂದರೆಯಿತ್ತು. ಅರ ಓಡಿಸಲು ಬಲಗೈ ಸರಿ, ಬಿಲ್ಲೆಯನ್ನು ಅಲುಗದಂತೆ ಹಿಡಿಯಲು ಎಡಗೈಗೆ ಬೆರಳಿರಲಿಲ್ಲ. ಇಕ್ಕಳದಲ್ಲಿ ಹಿಡಿದರೆ ಹಿತ್ತಾಳೆ ಗಾಯವಾಗುತ್ತಿತ್ತು. ಶ್ಯಾಮಲಮ್ಮ ಎದುರಿಗೆ ಕೂತು ತನ್ನ ಎರಡು ಬೆರಳಲ್ಲಿ ಬಿಲ್ಲೆ ಹಿಡಿದಳು. ಹೀಗೆ ಅವನ ಎಡಗೈ ಅವಳಾದಳು. ಊಟವಾದ ಮೇಲೆ, ಅತ್ತೆ ಒಂದು ಗಳಿಗೆ ಅಡ್ಡಾಗುವ ಹೊತ್ತಿನಲ್ಲಿ, ದಿನವೂ ಇದು ನಡೆಯಿತು. ಮೊದಲನೆಯ ತಗಡಪ್ಪ ಜಗುಲಿಯ ಮೇಲೆ ಟಿಕಟಿಕ ಎನ್ನುತ್ತ ಹೆಜ್ಜೆ ಹಾಕಿದ ದಿನ ಮುನಿಶಾಮಿ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಮೂರನೆಯದು ನಡೆಯುವ ಹೊತ್ತಿಗೆ ಚಿಕ್ಕಬಳ್ಳಾಪುರದಲ್ಲಿ ಒಂದು ರಿಪೇರಿ ಅಂಗಡಿ ಇಡುವ ಮಾತಾಡಿದ. ಆ ರಾತ್ರಿ ಶ್ಯಾಮಲಮ್ಮ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದೆಯೋ ಇಲ್ಲವೋ ಎಂದು ಎದ್ದು ನೋಡಲಿಲ್ಲ.

ಆಗ ಮನೆಯಲ್ಲಿ ರೇಷ್ಮೆಹುಳು ನಾಲ್ಕನೆಯ ಜ್ವರದಿಂದ ಏಳುತ್ತಿದ್ದವು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನಿರುವುದನ್ನು ಇಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದರಿಂದ ಎದ್ದ ಹುಳುವಿಗೆ ಕೊನೆಯಿಲ್ಲದ ಹಸಿವು. ತಟ್ಟೆಗಳಲ್ಲಿ ಮಳೆ ಹೊಯ್ದ ಸದ್ದಿನಂತೆ ಸೊಪ್ಪು ತಿನ್ನುತ್ತವೆ. ಆ ದಿನಗಳಲ್ಲಿ ಹುಳುಮನೆ ಆದಿಲಕ್ಷ್ಮಮ್ಮನವರಿಗೆ ದೇವರಮನೆ. ಹೊಗೆಸೊಪ್ಪು ಜಗಿದವರು, ಮುಟ್ಟಾದವರು, ಸೀಮೆಣ್ಣೆ ಮುಟ್ಟಿದವರು ಹೊಸ್ತಿಲು ತುಳಿಯುವಂತಿಲ್ಲ. ಆ ಕೋಣೆಯಲ್ಲಿ ಹೊಂಗೆಣ್ಣೆಯ ದೀಪ ಮಾತ್ರ.

ಇಂಥ ಹೊತ್ತಿನಲ್ಲಿ ಚಿಂತಾಮಣಿಯಿಂದ ಸುದ್ದಿ ಬಂತು, ಆದಿಲಕ್ಷ್ಮಮ್ಮನವರ ತಂಗಿಯ ಗಂಡ ತೀರಿಕೊಂಡಿದ್ದ. ಹಿರಿಯ ಮಗ, ಶ್ಯಾಮಲಮ್ಮನ ಗಂಡ ವೆಂಕಟರಾಮಪ್ಪನನ್ನು ಕರೆದುಕೊಂಡು ಅವರು ಬಸ್ಸು ಹತ್ತಿದರು. ಹೊರಡುವ ಮುಂಚೆ ಸೊಸೆಗೆ, "ನಾಳೆ ಸಾಯಂಕಾಲಕ್ಕೆ ಬತ್ತೀವಿ. ಹೊತ್ತೊತ್ತಿಗೆ ಸೊಪ್ಪು ಹಾಕಮ್ಮ. ನಿನ್ನ ನಂಬಿ ಹೋಯ್ತಿದೀನಿ," ಎಂದರು.

ಆ ಮಧ್ಯಾಹ್ನ ನಾಲ್ಕನೆಯ ತಗಡಪ್ಪ ಬಿಚ್ಚಿ ಬಿದ್ದಿದ್ದ. ಒಳಗಿನ ಚಕ್ರಗಳಿಗೆ ಹಳೆಯ ಜಿಡ್ಡು ಕಲ್ಲಾಗಿ ಅಂಟಿತ್ತು. ತೆಂಗಿನ ಚಿಪ್ಪಿನಲ್ಲಿ ಸೀಮೆಣ್ಣೆ ಸುರಿದು ಮುನಿಶಾಮಿ ಬ್ರಷ್ಷಿನಿಂದ ತಿಕ್ಕುತ್ತಿದ್ದ; ಚಕ್ರ ಪ್ರತಿ ಸಲವೂ ಬೆರಳಿಲ್ಲದ ಕೈಯಿಂದ ಜಾರಿ ಬೀಳುತ್ತಿತ್ತು. ಮೂರನೆಯ ಸಲ ಬಿದ್ದಾಗ ಅವನು ಹೆಕ್ಕಲಿಲ್ಲ. ಕೈಯನ್ನೇ ನೋಡುತ್ತ ಕೂತ. ಅವನು ಬಾವಿಯನ್ನು ನೋಡುತ್ತಿದ್ದ ನೋಟ ಅದೇ.

ಶ್ಯಾಮಲಮ್ಮ ಸೆರಗು ಸಿಕ್ಕಿಸಿ ಕೂತಳು. "ಕೊಡು ಇಲ್ಲಿ."

"ಸೀಮೆಣ್ಣೆ ಅತ್ತಿಗೆ. ನೀವು ಸೊಪ್ಪು ಹಾಕ್ಬೇಕು."

"ಇನ್ನೂ ಹೊತ್ತಿದೆ. ತೊಳ್ಕೋತೀನಿ."

ಚಕ್ರಗಳೆಲ್ಲ ಬೆಳ್ಳಗಾದವು. ಅವನ ಮುಖವೂ ತಿಳಿಯಾಯಿತು. ಅಷ್ಟರಲ್ಲಿ ಒಳಗೆ ತಟ್ಟೆಗಳ ಸದ್ದು ನಿಂತುಹೋಗಿತ್ತು, ಸೊಪ್ಪು ಮುಗಿದಿತ್ತು. ಶ್ಯಾಮಲಮ್ಮ ಬೂದಿಯಿಂದ ಕೈ ಉಜ್ಜಿದಳು, ಸೀಗೇಪುಡಿಯಿಂದ ಉಜ್ಜಿದಳು, ಮೂಸಿದಳು, ಮತ್ತೆ ಉಜ್ಜಿದಳು. ವಾಸನೆ ಹೋಯಿತು ಎನಿಸಿತು. ಪಕ್ಕದ ಮನೆಯ ಓಬಳಮ್ಮನನ್ನು ಕರೆದು ಹಾಕಿಸಿದರೆ ಹೇಗೆ ಎಂದು ಒಂದು ಗಳಿಗೆ ಯೋಚಿಸಿದಳು. ಯಾಕೆ ಎಂದು ಓಬಳಮ್ಮ ಕೇಳುತ್ತಾಳೆ, ಅತ್ತೆಗೂ ಹೇಳುತ್ತಾಳೆ. ಜಗುಲಿಯ ಕೆಲಸ ಅಲ್ಲಿಗೆ ನಿಂತೀತು. ಅವಳೇ ಸೊಪ್ಪು ಹೆಚ್ಚಿದಳು, ಅವಳೇ ಕೈಯಾರೆ ತಟ್ಟೆತಟ್ಟೆಗೂ ಹರಡಿದಳು.

ಬೆಳಿಗ್ಗೆ ಹುಳುಮನೆಯಲ್ಲಿ ಸದ್ದಿರಲಿಲ್ಲ. ಸೊಪ್ಪು ಹಾಕಿದ್ದು ಹಾಕಿದಂತೆ ಇತ್ತು. ಹುಳುಗಳು ತಲೆ ಮೇಲೆತ್ತಿ ಅತ್ತಿತ್ತ ಆಡಿಸುತ್ತ, ಬಾಯಿಂದ ಹಸಿರು ನೀರು ಕಾರುತ್ತಿದ್ದವು.

ಸಾಯಂಕಾಲ ಆದಿಲಕ್ಷ್ಮಮ್ಮ ಬಸ್ಸಿಳಿದು ಬಂದು, ಸಾವಿನ ಮನೆಯ ಸ್ನಾನ ಮುಗಿಸಿ, ಹುಳುಮನೆಯ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವರ ಅಂಗೈಯಲ್ಲಿ ಹತ್ತು ಹುಳುಗಳಿದ್ದವು, ಮೆತ್ತಗೆ, ಕರ್ರಗೆ.

"ಯಾರು ಒಳಕ್ಕೆ ಬಂದಿದ್ದು?"

ಜಗುಲಿಯ ಮೂಲೆಯಲ್ಲಿ ಸೀಮೆಣ್ಣೆಯ ಚಿಪ್ಪು ಇನ್ನೂ ಇತ್ತು. ವೆಂಕಟರಾಮಪ್ಪ ಅದನ್ನು ನೋಡಿದ, ಆಮೇಲೆ ತಮ್ಮನನ್ನು ನೋಡಿದ. ಶ್ಯಾಮಲಮ್ಮ ಬಾಯಿ ತೆರೆದಳು. ನಾನು ಅನ್ನಬೇಕೋ, ನನ್ನ ಕೈ ಅನ್ನಬೇಕೋ, ಕೈ ತೊಳೆದಿದ್ದೆ ಎಂಬುದನ್ನು ಮೊದಲು ಹೇಳಬೇಕೋ ಆಮೇಲೋ ಎಂದು ತೂಗುತ್ತಿದ್ದಳು.

"ನಾನೇ ಹೋಗಿದ್ದೆ ಕಣವ್ವ," ಎಂದ ಮುನಿಶಾಮಿ. "ಅತ್ತಿಗೆಗೆ ಕೆಲಸ ಜಾಸ್ತಿ ಆಯ್ತು ಅಂತ ಸೊಪ್ಪು ಹಾಕಿದೆ."

"ಯಾವ ಕೈಲಿ ಹಾಕ್ದೆ ಮುನಿಯ?" ಎಂದ ವೆಂಕಟರಾಮಪ್ಪ. ಅವನ ದನಿ ಏರಲಿಲ್ಲ. "ಬೆಂಗ್ಳೂರಲ್ಲಿ ಅರ್ಧ ಕೈ ಕಳ್ಕೊಂಡೆ. ಉಳಿದ ಅರ್ಧ ಕೈಲಿ ಮನೆ ಬೆಳೆ ಕಳೆದೆ."

ಮುನಿಶಾಮಿ ಎಡಗೈಯನ್ನು ಪಂಚೆಯ ಮಡಿಕೆಗೆ ಹಾಕಿಕೊಂಡ. ಆದಿಲಕ್ಷ್ಮಮ್ಮ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು, ಹುಳುಗಳನ್ನು ಒಯ್ದು ತಿಪ್ಪೆಗೆ ಹಾಕಿದರು. ಶ್ಯಾಮಲಮ್ಮನ ಬಾಯಿ ಮುಚ್ಚಿಕೊಂಡಿತು.

ಮಾರನೆಯ ದಿನ ಹಿತ್ತಲಲ್ಲಿ ಹುಳುವಿನ ತಟ್ಟೆ ತೊಳೆಯುತ್ತಿದ್ದವಳು ಎದ್ದು ಮುನಿಶಾಮಿಯ ಬಳಿ ಹೋದಳು. "ಯಾಕಪ್ಪ ಹಂಗೆ ಹೇಳ್ದೆ? ನೀನು ಹೊಸ್ತಿಲೂ ತುಳಿದಿಲ್ಲ. ನಾನು ಇವತ್ತೇ ಹೇಳಿಬಿಡ್ತೀನಿ."

"ಬೇಡ ಅತ್ತಿಗೆ. ನೀವು ಈ ಮನೇಲಿ ಬಾಳ್ಬೇಕು. ನನ್ನದು ಹೆಂಗೋ ಆಯ್ತದೆ."

ಆ 'ಹೆಂಗೋ' ಎಂಬ ಮಾತಿಗೆ ಅವಳು ಬಾವಿಯ ಕಡೆ ನೋಡಿದಳು. ಆದರೂ ಅವಳು ಹೇಳಲಿಲ್ಲ. ಅಂದು ಗಂಡನ ಮುಖ ಸರಿಯಿರಲಿಲ್ಲ. ಮಾರನೆಯ ದಿನ ಮನೆಗೆ ನೆಂಟರು ಬಂದಿದ್ದರು. ಅದರ ಮಾರನೆಯ ದಿನ ಖಾಜಾ ಪೀರ್ ಬಂದರು. ಮುನಿಶಾಮಿ ಬಿಚ್ಚಿದ್ದ ತಗಡಪ್ಪನನ್ನೂ ಮುಟ್ಟದಿದ್ದ ಐದನೆಯವನನ್ನೂ ಒಂದೇ ಟವೆಲಿನಲ್ಲಿ ಕಟ್ಟಿ ಅವರ ಕೈಗಿಟ್ಟ.

"ಆಗಲ್ಲ ಸಾಬ್ರೆ."

"ಚಕ್ರ ಅರ್ಧ ಆಗಿದೆಯಲ್ಲೋ."

"ಅರ್ಧಕ್ಕೇ ನಿಂತೋಯ್ತು."

ಖಾಜಾ ಪೀರ್ ಮನೆಯವರ ಮುಖಗಳನ್ನು ನೋಡಿದರು, ಸೈಕಲ್ ತಳ್ಳಿಕೊಂಡು ಹೋದರು.

ಹದಿನೈದು ದಿನಕ್ಕೆ ವೆಂಕಟರಾಮಪ್ಪ ತಮ್ಮನಿಗೆ ಗೌರಿಬಿದನೂರಿನ ಒಂದು ಗೋದಾಮಿನಲ್ಲಿ ಕಾವಲಿನ ಕೆಲಸ ಗೊತ್ತುಮಾಡಿದ. ಮುನಿಶಾಮಿ ಹೊರಡುವಾಗ ಅವ್ವನ ಕಾಲಿಗೆ ಬಿದ್ದ. ಅತ್ತಿಗೆಯ ಕಾಲಿಗೂ ಬಿದ್ದ. ತಡೆಯಲು ಬಗ್ಗಿದ ಅವಳು ಅವನ ತಲೆಗೂದಲನ್ನಷ್ಟೇ ಮುಟ್ಟಿದಳು. ಅಲ್ಲಿ ಅವನನ್ನು ಯಾರು ನೋಡಿಕೊಳ್ಳುತ್ತಾರೆ, ಆ ಗೋದಾಮಿನ ಹಿಂದೆ ಏನಿದೆ, ಕೆರೆಯೋ, ಬಾವಿಯೋ, ರೈಲುದಾರಿಯೋ, ಕೇಳಬೇಕೆನಿಸಿತು. ತೂಗುವಷ್ಟರಲ್ಲಿ ಅವನು ಹೊರಟುಹೋಗಿದ್ದ.

ಅವನು ಹೋದ ಏಳನೆಯ ದಿನ ಅವಳು ಅತ್ತೆಗೆ ಹೇಳಿದಳು. ಆದಿಲಕ್ಷ್ಮಮ್ಮ ಒರಳಿನ ಮುಂದೆ ಕೂತಿದ್ದರು.

"ಅತ್ತೆ, ಅವತ್ತು ಸೊಪ್ಪು ಹಾಕಿದ್ದು ನಾನು. ಮುನಿಶಾಮಿ ಅಲ್ಲ. ನನ್ನ ಕೈಯಲ್ಲಿ ಸೀಮೆಣ್ಣೆ ಇತ್ತು."

ರುಬ್ಬುವ ಗುಂಡು ನಿಲ್ಲಲಿಲ್ಲ.

"ಗೊತ್ತು ಕಣಮ್ಮ. ಅವತ್ತು ನಾನು ಬಸ್ಸಿಳಿದು ಬಂದಾಗ ಬಾಗಿಲಲ್ಲಿ ನಿಂತು ನೀನು ನೀರು ಕೊಟ್ಯಲ್ಲ, ಚೊಂಬಿಗೇ ವಾಸ್ನೆ ಹತ್ತಿತ್ತು."

"ಗೊತ್ತಿದ್ದೂ..."

"ನೀನು ಹೇಳ್ತೀಯ ಅಂತ ಕಾದೆ. ಆ ಸಾಯಂಕಾಲ ಕಾದೆ. ಅವನು ಬಸ್ಸು ಹತ್ತೋವರೆಗೂ ಕಾದೆ." ಅವರು ಒರಳಿನಿಂದ ಹಿಟ್ಟು ಬಾಚಿದರು. "ನಾನೇ ಹೇಳಿದ್ರೆ ನಿನ್ನ ಗಂಡ ನಿನ್ನ ಏನಂತಿದ್ನೋ. ಮಗ ಹೊತ್ಕೊಂಡ. ಹೊತ್ಕೊಂಡೋನ ತಲೆ ಮೇಲಿಂದ ಇಳಿಸಿದ್ರೆ ನಿನ್ನ ಮೇಲೆ ಬೀಳ್ತಿತ್ತು. ನಾನೂ ಹೆದರಿದೆ."

"ನನ್ನ ಭಯ ಬೆಳೆ ಹೋದದ್ದಕ್ಕಲ್ಲ ಅತ್ತೆ. ಅವನು ಬಾವಿ ಆಳ ಕೇಳಿದ್ದ ನನ್ನ," ಎಂದಳು ಶ್ಯಾಮಲಮ್ಮ. ಈ ಸಲ ತೂಗಲಿಲ್ಲ. ಮಾತು ತಾನಾಗಿ ಬಿತ್ತು. "ಕೈಗೆ ಕೆಲಸ ಇದ್ದಷ್ಟು ದಿನ ಇರ್ತಾನೆ ಅಂತ ಅಂದ್ಕೊಂಡಿದ್ದೆ."

ಈಗ ಗುಂಡು ನಿಂತಿತು. ಆದಿಲಕ್ಷ್ಮಮ್ಮ ಹಿಟ್ಟಿನ ಕೈಯಲ್ಲೇ ಸೊಸೆಯ ರಟ್ಟೆ ಹಿಡಿದರು. ಅವರಿಗೆ ಇದು ಗೊತ್ತಿರಲಿಲ್ಲ. "ಬರೆಯಮ್ಮ," ಎಂದರು. "ಈಗ್ಲೇ ಬರಿ. ವಾಪಸ್ ಬರಕ್ಕೆ ಬರಿ. ಅವ್ವ ಕರೀತಾಳೆ ಅಂತ ಬರಿ."

ಅವಳು ಬರೆದಳು. ನಡೆದದ್ದನ್ನು ನಡೆದ ಹಾಗೆ ಗಂಡನಿಗೂ ಹೇಳಿದಳು. ವೆಂಕಟರಾಮಪ್ಪ ಹೊಲಕ್ಕೆ ಹೋಗಲಿಲ್ಲ, ಊಟಕ್ಕೂ ಏಳಲಿಲ್ಲ. ಸಾಯಂಕಾಲ ತಾನೇ ಹೋಗಿ ಆ ಕಾಗದವನ್ನು ಅಂಚೆಗೆ ಹಾಕಿ ಬಂದ.

ಹನ್ನೊಂದು ದಿನಕ್ಕೆ ಕಾರ್ಡು ಬಂತು. ಆದಿಲಕ್ಷ್ಮಮ್ಮನವರಿಗೆ ಓದು ಬಾರದು. ಕೈ ಒರೆಸಿಕೊಂಡು ಬಂದು ಕಂಬಕ್ಕೆ ಒರಗಿ ಕೂತರು. ಶ್ಯಾಮಲಮ್ಮ ಮೊದಲು ಒಮ್ಮೆ ಮನಸ್ಸಿನಲ್ಲಿ ಓದಿಕೊಂಡಳು. ಹೇಗೆ ಬೇಕಾದರೂ ಓದಬಹುದಿತ್ತು. ಹಬ್ಬಕ್ಕೆ ಬರುತ್ತೇನೆ ಅಂತ ಒಂದು ಮಾತು ಸೇರಿಸಿದರೆ ಮುದುಕಿಗೆ ರಾತ್ರಿ ನಿದ್ದೆ ಬರುತ್ತಿತ್ತು.

"ಏನಂತಮ್ಮ?"

ಅವಳು ಇದ್ದದ್ದನ್ನು ಇದ್ದ ಹಾಗೆ ಓದಿದಳು.

"ಅವ್ವನಿಗೆ ನಮಸ್ಕಾರ. ನಾನು ಬರುವುದಿಲ್ಲ. ಅಣ್ಣ ಬೇಜಾರು ಮಾಡಿಕೊಳ್ಳುವುದು ಬೇಡ. ಇಲ್ಲಿ ಕೆಲಸ ಹಗುರ. ಗೇಟಿನ ಹತ್ತಿರ ಸುಮ್ಮನೆ ಕೂತಿರಬೇಕು. ಕಣ್ಣು ತೆರೆದಿದ್ದರೆ ಸಾಕು, ಕೈ ಬೇಕಾಗಿಲ್ಲ."

"ಇನ್ನೇನು ಬರೆದಿದಾನೆ?"

"ಅಷ್ಟೇ ಅತ್ತೆ."

ಆದಿಲಕ್ಷ್ಮಮ್ಮ ಕಾರ್ಡನ್ನು ತೆಗೆದುಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸಿದರು. "ಇನ್ನೊಂದ್ಸಲ ಓದು," ಎಂದರು.