ಇನ್ನೊಮ್ಮೆ ಎನ್ನಲು ಬಾರದ ಮಗ್ಗ

ಬಟ್ಟೆಗೆ ಹೊಲಿಯುವ ಅಂಚುಪಟ್ಟಿ ನೇಯುತ್ತಿದ್ದ ಆ ಹಳೆಯ ಕಂಪ್ಯೂಟರ್ ಮಗ್ಗಕ್ಕೆ ಬರುತ್ತಿದ್ದುದು ಎರಡೇ ಮಾತು: ಈ ಎಳೆ ಎತ್ತು, ಈ ಎಳೆ ಇಳಿಸು. ‘ಇದನ್ನೇ ಇನ್ನೊಮ್ಮೆ ಮಾಡು’ ಎನ್ನುವುದು ಅದರ ಹಣೆಯಲ್ಲೇ ಬರೆದಿರಲಿಲ್ಲ. ಪಟ್ಟಿಯುದ್ದಕ್ಕೂ ಒಂದೇ ಹೂವು ಬೇಕೆಂದರೂ ಪ್ರತಿ ಹೂವಿನ ಪ್ರತಿ ಎಳೆಯನ್ನೂ ಮನೆಯ ಸೊಸೆ ಹೊಸದಾಗಿ ಬರೆದುಕೊಡಬೇಕಿತ್ತು.

“ಹೊಸ ಮಗ್ಗ ತರಿಸೋಣ ಬಿಡಮ್ಮ. ಇದಕ್ಕೆ ಮಾತು ಕಲಿಸೋದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ,” ಎಂದರು ಕಾರ್ಖಾನೆ ನಡೆಸುತ್ತಿದ್ದ ಮಾವ.

“ಅದು ಏನೂ ಕಲಿಯೋದು ಬೇಡ ಮಾವ. ನನಗೆ ಬೇಕಾದ ಭಾಷೆ ನಾನೇ ಮಾಡ್ಕೋತೀನಿ. ಅದನ್ನ ಎತ್ತು, ಇಳಿಸು ಅಂತ ಬಿಡಿಸಿ ಹೇಳೋಕೆ ನಡುವೆ ಒಂದು ಪ್ರೋಗ್ರಾಂ ಕೂರಿಸ್ತೀನಿ.”

ಹಟಕ್ಕೆ ಬಿದ್ದರೆ ಅವಳು ಬಿಡುವವಳಲ್ಲ. ಹೂವು ಎಂದರೇನೆಂದು ತನ್ನ ಭಾಷೆಯಲ್ಲಿ ಒಮ್ಮೆ ಹೇಳಿಟ್ಟಳು. ಪಟ್ಟಿ ಎಂದರೇನೆಂದು ಅದಕ್ಕಿಂತ ಚುಟುಕಾಗಿ ಹೇಳಿದಳು: ಒಂದು ಹೂವು, ಅದರ ಮುಂದೆ ಮತ್ತೆ ಪಟ್ಟಿ. ಗುಂಡಿ ಒತ್ತಿ ನೆಮ್ಮದಿಯಾಗಿ ಊಟಕ್ಕೆ ಹೋದಳು.

ಉಂಡು ಕೈ ತೊಳೆಯುವ ಮುಂಚೆಯೇ ಮಾವನ ಕೂಗು ಕೇಳಿಸಿತು. ಓಡಿಬಂದು ನೋಡಿದರೆ ಅವರ ಮೊಣಕಾಲೆತ್ತರಕ್ಕೆ ಪಟ್ಟಿಯ ರಾಶಿ. ಹೂವಿನ ಹಿಂದೆ ಹೂವು ಬರುತ್ತಲೇ ಇದೆ. ಪ್ರತಿ ಪಟ್ಟಿಯೊಳಗೂ ಇನ್ನೊಂದು ಪಟ್ಟಿ ಇತ್ತಲ್ಲ! ಎಲ್ಲಿ ನಿಲ್ಲಬೇಕೆಂದು ಅವಳು ಹೇಳಿರಲೇ ಇಲ್ಲ.

“ಏನಮ್ಮಾ ಇದು, ಊರಿಗೆಲ್ಲ ಸುತ್ತಿಬಿಡ್ತೀಯಾ?”

ಸೊಸೆ ಸ್ವಿಚ್ ಆರಿಸಿ, ಮೊದಲ ಹೂವನ್ನು ಕೊನೆಯದರ ಮೇಲಿಟ್ಟು ನೋಡಿದಳು. ಒಂದೆಳೆಯೂ ಆಚೀಚೆಯಾಗಿರಲಿಲ್ಲ.

“ಗೆದ್ವಿ ಮಾವ! ಇಷ್ಟು ದಿನ ‘ಇನ್ನೊಮ್ಮೆ’ ಅನ್ನೋ ಮಾತೇ ಇರ್ಲಿಲ್ಲ. ಇನ್ನು ‘ಸಾಕು’ ಅನ್ನೋದೊಂದು ಸೇರಿಸಿದ್ರೆ ಆಯ್ತು.”