ಬಾವಿಯ ಮೇಲ್ನೀರು

ಬೆಟ್ಟದಿಂದ ಕಡಲಿಗೆ ಇಳಿಯುವ ಕಾಲುದಾರಿಗೆ ಈಗ ಬೇಲಿ, ಬಾಣದ ಗುರುತು, ಕೂರಲು ಬೆಂಚು ಎಲ್ಲ ಬಂದಿವೆ. ಅರವತ್ತು ಮನೆಗಳ ಹೆಂಗಸರು ಮೀನಿನ ಬುಟ್ಟಿ ಹೊತ್ತು ಮೂರು ತಲೆಮಾರು ತುಳಿದು ಮಾಡಿದ ದಾರಿ ಅದು. ಫಲಕದಲ್ಲಿ ಮಾತ್ರ 'ಪ್ರಕೃತಿ ನಡಿಗೆ ಪಥ' ಎಂದಿದೆ. ಪ್ರಕೃತಿಯೇ ಬಿಡುವು ಮಾಡಿಕೊಂಡು ಬಂದು ಹಾಕಿಕೊಟ್ಟಿತೇನೋ ಎಂಬಂತೆ.

ಅವಳು ಗೇಟಿನಲ್ಲಿ ಚೀಟಿ ತೋರಿಸಿ ಒಳಗೆ ಬಂದಳು, ಹುಟ್ಟಿದೂರಿಗೆ ಪ್ರವಾಸಿಯಾಗಿ. ಪಟ್ಟಣದ ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಒಗೆಯುವವಳಿಗೆ ಒಂದು ದಿನ ರಜೆ ಸಿಕ್ಕಿದ್ದೇ ಹೆಚ್ಚು. ಚೀಲದಲ್ಲಿ ಖಾಲಿ ಬಾಟಲಿ, ಕಿವಿಯಲ್ಲಿ ಅಮ್ಮನ ಮಾತು.

"ನಮ್ಮ ಬಾವಿ ನೀರು ತಗೊಂಡು ಬಾ. ಸಿಹಿ ಇದ್ರೆ ನಾನು ವಾಪಸ್ ಹೋಗ್ತೀನಿ. ಬೆಟ್ಟದ ಹಿಂದೆ ನಿನ್ನ ಚಿಕ್ಕಮ್ಮನ ಜೋಪಡಿ ಇದ್ದೇ ಇದೆ. ಉಪ್ಪಾಗಿದ್ರೆ ಇನ್ಮೇಲೆ ಊರಿನ ಸುದ್ದಿ ಎತ್ತಲ್ಲ, ನಿನ್ನಾಣೆ."

ಏಳು ವರ್ಷದಿಂದ ಅಮ್ಮ ಬಾಡಿಗೆ ಕೋಣೆಯ ಕಿಟಕಿಗೆ ಮುಖ ಮಾಡಿ ಕೂತಿದ್ದಾಳೆ. ಎದುರಿನ ಗೋಡೆ ಬಿಟ್ಟರೆ ಏನೂ ಕಾಣದ ಕಿಟಕಿ. ಆ ಗೋಡೆಯ ಮೇಲೂ ಅವಳು ಅಲೆಯ ಉಬ್ಬರ ಇಳಿತ ಎಣಿಸುತ್ತಾಳೆ. ಊರಿನ ಸುದ್ದಿ ಎತ್ತದ ಅಮ್ಮ ಹೇಗಿದ್ದಾಳು? ಮಗಳಿಗೆ ಊಹಿಸಲೂ ಆಗಲಿಲ್ಲ.

ಅಲೆಯ ಮೊರೆತ ಮಾತ್ರ ಹಾಗೆಯೇ ಇತ್ತು. 'ಕಡಲು ನುಂಗೀತು, ಪ್ರಾಣಕ್ಕೆ ಅಪಾಯ' ಎಂದು ನೋಟಿಸು ಅಂಟಿಸಿ ಮನೆ ಖಾಲಿ ಮಾಡಿಸಿದ ಜಾಗದಲ್ಲೇ ಈಗ ಪ್ರವಾಸಿಗರ ಮರದ ಕುಟೀರಗಳು. ಬಡವರನ್ನು ನುಂಗಲು ಬಾಯಿ ತೆರೆದಿದ್ದ ಅದೇ ಕಡಲು ಈ ಪ್ರವಾಸಿಗರನ್ನು ತೇಲುಹಲಗೆಯ ಮೇಲೆ ನಿಲ್ಲಿಸಿ ಆಡಿಸುತ್ತಿದೆ!

ಬಾವಿ ಸಿಕ್ಕಿತು. ಬಾಯಿಗೆ ಕಬ್ಬಿಣದ ಮುಚ್ಚಳ, ಅದರ ಮೇಲೆ ಹೂಕುಂಡ.

"ಮೇಡಂ, ದಾರಿ ಬಿಟ್ಟು ಇಳೀಬಾರದು."

ತಿರುಗಿದರೆ, ಕಾವಲುಗಾರನ ಸಮವಸ್ತ್ರದೊಳಗೆ ಪಕ್ಕದ ಮನೆಯ ದೋಣಿಮಾವ.

"ನನ್ನ ಮೂಗು ಒರೆಸಿದ ಕೈಲೇ ಸಲ್ಯೂಟ್ ಹೊಡೀತೀರಾ ಮಾವ?"

"ಅಯ್ಯೋ, ನೀನೇನೇ! ಈ ಟೋಪಿ ಹಾಕಿದ್ಮೇಲೆ ಯಾರನ್ನ ಕಂಡ್ರೂ ಬಾಯಿ ಮೇಡಂ ಅನ್ನುತ್ತೆ. ಮೊನ್ನೆ ನಿಮ್ಮತ್ತೆಗೂ ಅಂದುಬಿಟ್ಟೆ. ಆವತ್ತೆಲ್ಲ ಕೂತಲ್ಲಿಂದ ಏಳಲಿಲ್ಲ ಮಹಾರಾಣಿ."

ಅವಳು ಬಂದ ಕಾರಣ ಹೇಳಿದಾಗ ಅವನ ನಗು ಇಳಿಯಿತು. "ಕುಟೀರಗಳಿಗೆ ಹಗಲೂ ರಾತ್ರಿ ಪಂಪು ಓಡುತ್ತೆ. ಬಾವೀಲಿ ಇನ್ನೇನು ಉಳಿದಿದ್ಯೋ." ಆದರೂ ಹೂಕುಂಡ ಸರಿಸಿದ, ಮುಚ್ಚಳ ಎತ್ತಿದ, ಹಗ್ಗ ತಂದ, ತೋಟದ ಬಕೆಟ್ಟು ತಂದ.

ಅವಳು ಬಕೆಟ್ಟು ಬಿಟ್ಟು ಎರಡು ಸಲ ಕುಲುಕಿ ಮುಳುಗಿಸಿ ತುಂಬ ಸೇದಿದಳು. ಬೊಗಸೆ ಬಾಯಿಗೆ ತಂದದ್ದೇ ತಡ, ಉಗಿದಳು. ಉಪ್ಪು. ಬಕೆಟ್ಟು ಬದಿಗಿಟ್ಟು ಕಟ್ಟೆಯ ಮೇಲೆ ಕೂತಳು.

"ನಲ್ಲಿ ನೀರು ತುಂಬ್ಕೊಂಡು ಹೋಗು," ಎಂದ ಮಾವ ಮೆಲ್ಲಗೆ. "ಮುದುಕಿಗೆ ಏನು ಗೊತ್ತಾಗುತ್ತೆ?"

"ಅಮ್ಮ ನಲ್ಲಿ ನೀರು ಮೂಸಿ, ಟ್ಯಾಂಕ್ ತೊಳೆದು ಎಷ್ಟು ದಿನ ಆಯ್ತು ಅಂತ ಹೇಳ್ತಾಳೆ ಮಾವ."

ಫೋನು ಮಾಡಿ ಒಂದೇ ಮಾತು ಹೇಳಿದಳು: "ಉಪ್ಪು, ಅಮ್ಮ."

ಅಮ್ಮ ಕೇಳಿದಳು, "ಹೇಗೆ ಸೇದಿದೆ?"

"ಹೇಗೆ ಅಂದ್ರೆ? ಬಕೆಟ್ ಮುಳುಗಿಸಿ."

"ಮುಳುಗಿಸಿದ್ಯಾ! ನಲ್ಲಿ ತಿರುವಿ ತಿರುವಿ ನಿನ್ನ ಕೈ ಕೆಟ್ಟೋಯ್ತು ಕಣೇ. ದಂಡೆ ಬಾವೀಲಿ ಉಪ್ಪು ಕೆಳಗೆ, ಸಿಹಿ ಮೇಲೆ. ಕಲಕಿದ್ರೆ ಎರಡೂ ಹಾಳು. ನೀರು ನಿಲ್ಲಲಿ. ಆಮೇಲೆ ಕೆನೆ ತೆಗೆದ ಹಾಗೆ ತೆಗಿ."

ಅವಳ ಮುಖ ಕೆಂಪಾಯಿತು. ನಡೆಯಲು ಕಲಿತ ಮೇಲೆ ಕಲಿತ ಮೊದಲ ಕೆಲಸವೇ ಅದು. ಅದನ್ನೂ ಏಳು ವರ್ಷ ತೊಳೆದು ಹಾಕಿತ್ತು.

ಕಾದರು. ಮಾವ ಊಟದ ಡಬ್ಬಿ ತೊಳೆದು ಹಗ್ಗಕ್ಕೆ ಕಟ್ಟಿಕೊಟ್ಟ. ಅವಳು ಕಟ್ಟೆಯ ಮೇಲೆ ಬೋರಲು ಮಲಗಿ, ಉಸಿರು ಬಿಗಿಹಿಡಿದು, ಡಬ್ಬಿಯ ಅಂಚು ನೀರಿಗೆ ತಾಗಿಯೂ ತಾಗದಂತೆ ವಾಲಿಸಿದಳು. ತಲೆ ಮರೆತದ್ದನ್ನು ಮಣಿಕಟ್ಟು ಮರೆತಿರಲಿಲ್ಲ. ಮೇಲೆ ಬಂದದ್ದು ಕಾಲು ಡಬ್ಬಿ. ನಾಲಿಗೆಗೆ ತಾಗಿಸಿದಳು. ಮರಳಿನ ವಾಸನೆ, ತಂಪು, ಅದರ ಹಿಂದೆ ಆ ಸಣ್ಣ ಸಿಹಿ. ಮುಂದೇನಾಯಿತೋ ಅವಳಿಗೇ ತಿಳಿಯಲಿಲ್ಲ. ಡಬ್ಬಿ ಖಾಲಿಯಾಗಿ ಗದ್ದದಿಂದ ನೀರಿಳಿಯುತ್ತಿತ್ತು.

ಅಮ್ಮ ಫೋನು ಇಟ್ಟೇ ಇರಲಿಲ್ಲ. "ಏನಾಯ್ತೇ? ಹೇಳೇ!"

"ಸಿಹಿ ಇದೆ ಅಮ್ಮ. ಅಂಗೈ ಆಳದಷ್ಟು, ಅಷ್ಟೇ. ಅದನ್ನೂ… ನಾನೇ ಕುಡಿದುಬಿಟ್ಟೆ."

ಅಮ್ಮ ಬಯ್ಯಲಿಲ್ಲ. ಮಂಚದಡಿಯಿಂದ ಟ್ರಂಕು ಎಳೆಯುವ ಕರಕರ ಸದ್ದು ಕೇಳಿಸಿತು.

"ಬಾಟಲಿ ತುಂಬಬೇಡ," ಎಂದಳು ಅಮ್ಮ, ಏದುಸಿರು ಬಿಡುತ್ತ. "ಯಾವ ಬಸ್ಸು ಹತ್ತಬೇಕು, ಅದಷ್ಟು ಹೇಳು."