ಅರ್ಧದಾರಿಯ ಕಂಬ

ಟ್ರಕ್ಕಿನ ಕಿಟಕಿಯ ಗಾಜು ಅರ್ಧಕ್ಕಿಂತ ಮೇಲೇರುತ್ತಿರಲಿಲ್ಲ. ಮರಳು ಹಾರಿ ಬಂದು ಜಾಬಿಜ್ ಫುಲ್ಚರನ ಕಿವಿಗೇ ಬಡಿಯುತ್ತಿತ್ತು. ಎಪ್ಪತ್ತಾರರ ಮುದುಕ ಕೋಟಿನ ಒಳಜೇಬನ್ನು ಮತ್ತೊಮ್ಮೆ ಮುಟ್ಟಿ ನೋಡಿಕೊಂಡ. ಬಟ್ಟೆಯ ತುಂಡು ಅಲ್ಲೇ ಇತ್ತು.

"ಏನ್ ಮಾಮ ಅದು? ಹ್ಯಾಟರಸ್ ಬಿಟ್ಟಾಗಿಂದ ಹತ್ತು ಸಲ ತಡಕಾಡ್ದೆ. ಯಾವಳ ಫೋಟೋ?" ಎಂದಳು ಲುವೀನಿಯಾ.

"ಈ ವಯಸ್ಸಲ್ಲಿ ಯಾವಳು ಸಿಗ್ತಾಳೆ ಮಗಳೇ."

"ಮತ್ಯಾಕೆ ಗಡ್ಡ ಬೋಳಿಸಿದ್ದೀಯ? ನನ್ನ ಮದುವೇಗೂ ಬೋಳಿಸಿರ್ಲಿಲ್ಲ ನೀನು."

ಅವಳಿಗೆ ಐವತ್ತೆರಡು. ಟ್ರಕ್ಕಿನ ಹಿಂಬದಿಗೆ ಮೀನು ತುಂಬಿ ಉತ್ತರದ ಊರುಗಳಿಗೆ ಸಾಗಿಸುವ ಹೆಂಗಸು. ಟ್ರಕ್ಕು ಇದ್ದವರಲ್ಲಿ, ಕೇಳಿದರೆ ಇಲ್ಲವೆನ್ನದವಳು ಹ್ಯಾಟರಸ್ ಊರಿನಲ್ಲಿ ಅವಳೊಬ್ಬಳೇ. ಬೇರೆ ದಾರಿಯಿದ್ದಿದ್ದರೆ ಜಾಬಿಜ್ ಅವಳನ್ನು ಕೇಳುತ್ತಿರಲಿಲ್ಲ. ಮೊದಲ ವಿಮಾನ ಹಾರಿ ಐವತ್ತು ವರ್ಷವಾದದ್ದಕ್ಕೆ ಕಿಲ್ ಡೆವಿಲ್ ಗುಡ್ಡದಲ್ಲಿ ದೊಡ್ಡ ಸಮಾರಂಭವಿದೆ, ನೋಡಿಕೊಂಡು ಬರೋಣ ಎಂದಷ್ಟೇ ಹೇಳಿದ್ದ. ಪತ್ರಿಕೆಯಲ್ಲಿ ಬಂದ ಇನ್ನೊಂದು ಸಾಲನ್ನು ಹೇಳಿರಲಿಲ್ಲ: ಆ ದಿನ ಕಣ್ಣಾರೆ ಕಂಡವರು ಯಾರಾದರೂ ಇನ್ನೂ ಉಳಿದಿದ್ದರೆ ಪುರಾವೆಯೊಂದಿಗೆ ಬರಲಿ, ಅವರಿಗೆ ವೇದಿಕೆಯ ಮೇಲೆ ಕುರ್ಚಿ, ಕಂಚಿನ ಫಲಕದಲ್ಲಿ ಹೆಸರು.

ಜಾಬಿಜ್ ಕಂಡಿದ್ದ. ಐವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ಅವನು ಬೇರೆ ಕಡೆ ಇರಬೇಕಿತ್ತು.

ಆಗ ಅವನು ಆ ಗುಡ್ಡದ ಬಳಿ, ಹಡಗು ಒಡೆದು ನೀರಿಗೆ ಬಿದ್ದವರನ್ನು ಉಳಿಸುವ ಠಾಣೆಯಲ್ಲಿ ಗಸ್ತಿನವನು. ಬಿರುಗಾಳಿಯಿದ್ದರೆ ಹಗಲಲ್ಲೂ ದಡದುದ್ದಕ್ಕೆ ನಡೆಯಬೇಕು. ಅವನು ದಕ್ಷಿಣಕ್ಕೆ, ಮುಂದಿನ ಠಾಣೆಯವನು ಉತ್ತರಕ್ಕೆ. ಇಬ್ಬರ ನಡುವೆ ಮರಳಲ್ಲಿ ನೆಟ್ಟ ಕಂಬ. ಅಲ್ಲಿ ಭೇಟಿಯಾಗಿ ತಮ್ಮ ತಮ್ಮ ಸಂಖ್ಯೆಯ ಹಿತ್ತಾಳೆ ಬಿಲ್ಲೆ ಬದಲಾಯಿಸಿಕೊಂಡು ಹಿಂದಿರುಗಬೇಕು. ನಡೆದದ್ದಕ್ಕೆ ಅದೇ ಸಾಕ್ಷಿ. ಎದುರಿನವನು ಬರದಿದ್ದರೆ ತಿರುಗಿ ಹೋಗುವಂತಿಲ್ಲ. ಅವನು ಸಿಗುವವರೆಗೂ ಮುಂದಕ್ಕೆ ನಡೆಯಬೇಕು.

ಆ ಬೆಳಿಗ್ಗೆ ಹನ್ನೊಂದಕ್ಕೆ ಕಂಬದ ಬಳಿ ಬಂದವನು ಅಸಾ ಗ್ಯಾಸ್ಕಿಲ್, ಲುವೀನಿಯಾಳ ಅಪ್ಪ. ಜಾಬಿಜ್ ಮರಳ ದಿಬ್ಬದ ಹಿಂದೆ ಹೊಟ್ಟೆಯ ಮೇಲೆ ಮಲಗಿ ವಿಮಾನ ನೋಡುತ್ತಿದ್ದ. ಅಸಾ ಅವನನ್ನು ಹುಡುಕುತ್ತಾ ಉತ್ತರಕ್ಕೆ ನಡೆದ. ಸಮುದ್ರ ಉಕ್ಕಿ ದಡ ದಾಟುವ ತಗ್ಗಿನಲ್ಲಿ ಅಲೆ ಎಳೆದುಕೊಂಡಿತು. ಎರಡು ದಿನದ ಮೇಲೆ ಹೆಣ ಸಿಕ್ಕಿತು. ಜೇಬಿನಲ್ಲಿ ಅವನದೇ ಬಿಲ್ಲೆ.

ವಿಚಾರಣೆಯಲ್ಲಿ ಜಾಬಿಜ್ ಹೇಳಿದ, ಕಂಬದ ಬಳಿ ಹೋಗಿ ಕಾದೆ, ದಕ್ಷಿಣದ ಠಾಣೆ ಕಾಣುವವರೆಗೂ ನಡೆದೆ, ಅಸಾ ಎಲ್ಲೂ ಇರಲಿಲ್ಲ. ಹಾಗಾದರೆ ಕುಡಿದು ತನ್ನ ಗಡಿ ದಾಟಿ ಅಲೆದಿರಬೇಕು ಎಂದು ಬರೆದುಕೊಂಡರು. ಹೆಂಡತಿಗೆ ಪಿಂಚಣಿ ಸಿಗಲಿಲ್ಲ. ಅವಳು ಸಾಯುವವರೆಗೂ ಹೋಟೆಲಿನ ಹಾಸಿಗೆ ಬಟ್ಟೆ ಒಗೆದಳು. ಊರಿನಲ್ಲಿ ಲುವೀನಿಯಾ ಕುಡುಕನ ಮಗಳಾಗಿಯೇ ಬೆಳೆದಳು.

ಜಾಬಿಜ್ ಅವರ ಮನೆಗೆ ಪ್ರತಿ ಕ್ರಿಸ್‌ಮಸ್‌ಗೆ ಒಂದು ಡಬ್ಬಿ ಅಂಜೂರದ ಮುರಬ್ಬ ಕೊಡುತ್ತಿದ್ದ.

ಓರೆಗನ್ ಕಡಲಬಾಯಿಯಲ್ಲಿ ಟ್ರಕ್ಕು ದಾಟಿಸುವ ಫೆರ್ರಿಯ ಮೇಲೆ ಅವಳು ಫ್ಲಾಸ್ಕಿನಿಂದ ಯೋಪಾನ್ ಎಲೆಯ ಚಹಾ ಸುರಿದು ಕೊಟ್ಟಳು. ಉಪ್ಪು ಹಚ್ಚಿದ ಹಂದಿಮಾಂಸ ಇಟ್ಟ ಮೆತ್ತನೆ ಬಿಸ್ಕಿಟ್ಟಿನ ಗಂಟನ್ನು ಅವನ ಮಡಿಲಿಗಿಟ್ಟಳು.

"ತಿನ್ನು. ಹಸಿದ ಹೊಟ್ಟೇಲಿ ಭಾಷಣ ಕೇಳಿದ್ರೆ ಸತ್ತೇ ಹೋಗ್ತೀಯ."

"ವಾಪಸ್ ಹೋಗೋವಾಗ ತಿಂತೀನಿ."

"ಐದಕ್ಕೆ ಕೊನೇ ಫೆರ್ರಿ. ತಪ್ಪಿದ್ರೆ ಈಜ್ಕೊಂಡು ಹೋಗ್ಬೇಕು ನೋಡು."

ಆಚೆ ದಡ ಸೇರಿ ಒಂದಷ್ಟು ದೂರ ಹೋದ ಮೇಲೆ ಅವಳು ಟ್ರಕ್ಕು ನಿಲ್ಲಿಸಿದಳು. ಮರಳು, ಹುಲ್ಲು, ಸಮುದ್ರ ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ. ಬೀಗದ ಕೈಗೊಂಚಲನ್ನು ಎಳೆದುಕೊಂಡು ಇಳಿದಳು. ಗೊಂಚಲಿನಲ್ಲಿ ಸವೆದ ಹಿತ್ತಾಳೆ ಬಿಲ್ಲೆಯೊಂದು ನೇತಾಡುತ್ತಿತ್ತು.

"ಕಂಬ ಇಲ್ಲೇ ಅಲ್ವಾ ಮಾಮ ಇದ್ದಿದ್ದು?"

"ಸುಮಾರು ಇಲ್ಲೇ."

"ಈ ಕಡೆ ಬಂದಾಗೆಲ್ಲ ಒಂದ್ ನಿಮಿಷ ನಿಲ್ತೀನಿ. ನೀನು ಕಾದೆ ಅಂತಾರಲ್ಲ, ಎಷ್ಟೊತ್ತು ಕಾದೆ?"

"ಅರ್ಧ ಗಂಟೆ. ಗಾಳಿ ಜೋರು ಮಗಳೇ, ಟ್ರಕ್ಕು ಹತ್ತು."

ಗುಡ್ಡದ ತುದಿಯಲ್ಲಿ ಬಿಳಿ ಗ್ರಾನೈಟಿನ ಗೋಪುರ, ಕೆಳಗೆ ವಿಮಾನ ನೆಲ ಬಿಟ್ಟ ಜಾಗದಲ್ಲಿ ನೆಟ್ಟ ಬಂಡೆಗಲ್ಲು. ಸುತ್ತ ಸಾವಿರಾರು ಜನ, ಬಾವುಟ, ಬ್ಯಾಂಡು. ಜಾಬಿಜ್ ಅವಳನ್ನು ಟ್ರಕ್ಕಿನಲ್ಲೇ ಕೂರಿಸಿದ. "ಚಳಿ, ನೀನಿಲ್ಲೇ ಇರು. ಒಂದು ಸುತ್ತು ನೋಡ್ಕೊಂಡು ಬರ್ತೀನಿ."

ಸಮಿತಿಯ ಮೇಜಿನ ಹಿಂದೆ ಎದೆಗೆ ರಿಬ್ಬನ್ ಸಿಕ್ಕಿಸಿಕೊಂಡ ದಪ್ಪ ಮನುಷ್ಯ ಕೂತಿದ್ದ. ಜಾಬಿಜ್ ಬಟ್ಟೆಯ ತುಂಡನ್ನು ಮೇಜಿನ ಮೇಲಿಟ್ಟ. ನಾಲ್ಕನೇ ಹಾರಾಟದ ಮೇಲೆ ಗಾಳಿಗೆ ವಿಮಾನ ಉರುಳಿದಾಗ ರೆಕ್ಕೆಯಿಂದ ಹರಿದು ದಿಬ್ಬದ ಕಡೆ ಬಂದದ್ದು. ದಪ್ಪ ಮನುಷ್ಯ ಭೂತಗನ್ನಡಿಯಲ್ಲಿ ನೂಲು ನೋಡಿದ, ಇನ್ನೊಬ್ಬನನ್ನು ಕರೆದ, ಇಬ್ಬರೂ ನೋಡಿದರು.

"ಅಯ್ಯೋ ಅಜ್ಜಾ, ಇಷ್ಟು ದಿನ ಎಲ್ಲಿದ್ರಿ ನೀವು!"

ಹತ್ತು ನಿಮಿಷದಲ್ಲಿ ಅವನನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿದರು. ಮೊಣಕಾಲಿಗೆ ಕಂಬಳಿ ಹೊದಿಸಿದರು. ಮೈಕು ಮುಂದೆ ಹಿಡಿದು ಎರಡು ಮಾತು ಹೇಳಿ ಎಂದರು.

ಎರಡೇ ಮಾತು ಹೇಳಿ ನಿಲ್ಲಿಸಬೇಕೆಂದು ಜಾಬಿಜ್ ರಾತ್ರಿಯಿಡೀ ಅಂದುಕೊಂಡಿದ್ದ. ನೋಡಿದೆ, ಹಾರಿತು, ಅಷ್ಟೇ. ಆದರೆ ಹೊತ್ತು ಹೇಳದೆ ಏನನ್ನೂ ವರದಿ ಮಾಡಲು ಗಸ್ತಿನವನಿಗೆ ಬರುವುದಿಲ್ಲ. ಇಪ್ಪತ್ತೆಂಟು ವರ್ಷ ಠಾಣೆಯ ದಿನಚರಿಗೆ ಹಾಗೆಯೇ ಒಪ್ಪಿಸಿದ ಬಾಯಿ ಅದು.

"ಹತ್ತು ಮೂವತ್ತೈದಕ್ಕೆ ಮೊದಲ್ನೇದು. ಗಾಳಿ ಉತ್ತರದಿಂದ. ಹನ್ನೊಂದು ಇಪ್ಪತ್ತಕ್ಕೆ ಎರಡ್ನೇದು. ಹನ್ನೊಂದು ನಲವತ್ತಕ್ಕೆ ಮೂರ್ನೇದು. ನಾಲ್ಕನೇದು ಹನ್ನೆರಡಕ್ಕೆ. ನಾಲ್ಕೂ ನೋಡ್ದೆ. ದಿಬ್ಬ ಬಿಟ್ಟು ಕದಲ್ಲಿಲ್ಲ ನಾನು."

ಅವನ ಮಾತು ಅವನಿಗೇ ದೂರದಿಂದ ತಿರುಗಿ ಕೇಳಿಸಿತು. ಆಗ ಕಂಡ, ವಾಹನ ನಿಲ್ಲಿಸುವ ಬಯಲಿನ ಕಂಬಕಂಬಕ್ಕೂ ಧ್ವನಿವರ್ಧಕ ಕಟ್ಟಿದ್ದರು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ನಡುವೆ ಲುವೀನಿಯಾ ವೇದಿಕೆಯ ಮೆಟ್ಟಿಲ ಹತ್ತಿರ ಬಂದು ನಿಂತಿದ್ದಳು. ಮಗಳಿರಬೇಕೆಂದು ದಪ್ಪ ಮನುಷ್ಯ ಕೈಹಿಡಿದು ಹತ್ತಿಸಿದ. ಅವಳು ಬಗ್ಗಿ ಮುದುಕನ ಕಾಲರು ಸರಿಮಾಡಿದಳು.

"ಚೆನ್ನಾಗ್ ಹೇಳ್ದೆ ಮಾಮ. ಒಂದ್ ನಿಮಿಷಾನೂ ತಪ್ಪಿಲ್ಲ."

"ಮಗಳೇ, ಕೇಳಿಲ್ಲಿ..."

"ನಮ್ಮಮ್ಮನ ಕೈ ನೋಡಿದ್ಯಲ್ಲ ನೀನು? ಬಟ್ಟೆ ಒಗೆಯೋ ಸೋಡಾ ನೀರಲ್ಲಿ ಉಗುರೆಲ್ಲ ಬಿದ್ದೋಗಿತ್ತು. ಮುರಬ್ಬದ ಡಬ್ಬಿ ಮುಚ್ಚಳ ತೆಗೆಯೋಕೂ ಆಗ್ತಿರ್ಲಿಲ್ಲ. ನಾನೇ ತೆಗೆದು ಕೊಡ್ತಿದ್ದೆ."

ಅವಳು ಗೊಂಚಲಿನಿಂದ ಬಿಲ್ಲೆಯನ್ನು ಬಿಡಿಸಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಅಪ್ಪಂದು. ನಿಂಗೆ ಸೇರ್ಬೇಕಾಗಿದ್ದು, ಐವತ್ತು ವರ್ಷ ತಡ ಆಯ್ತು. ನಾನು ಕಂಬದ ಹತ್ರ ಇರ್ತೀನಿ. ಸಮಾರಂಭ ಮುಗಿಸ್ಕೊಂಡು ನಡ್ಕೊಂಡ್ ಬಾ."

"ಮೂರು ಮೈಲಿ! ಈ ಗಾಳೀಲಿ?"

"ಆವತ್ತೂ ಮೂರೇ ಮೈಲಿ ಅಲ್ವಾ?"

ಅವಳು ಇಳಿದು ಹೋದಳು. ಜಾಬಿಜ್ ಎದ್ದು ಹಿಂದೆ ಹೋಗಬಹುದಿತ್ತು. ಆದರೆ ಫಲಕಕ್ಕೆ ಹೆಸರಿನ ಅಕ್ಷರ ಸರಿಯಿದೆಯೇ ಎಂದು ಯಾರೋ ಕಾಗದ ಹಿಡಿದಿದ್ದರು. ಅವನು ಕನ್ನಡಕ ಹುಡುಕಿದ.

ಮೂರು ಗಂಟೆಗೆ ಕುರ್ಚಿ ಮಡಚತೊಡಗಿದರು. ಕಂಬಳಿ ವಾಪಸು ತೆಗೆದುಕೊಂಡರು. ಬಟ್ಟೆಯ ತುಂಡು ಆಗಲೇ ಗಾಜಿನ ಪೆಟ್ಟಿಗೆ ಸೇರಿತ್ತು.

"ಮಗಳೆಲ್ಲಿ ಅಜ್ಜಾ? ಬಿಟ್ಟು ಬರ್ಲಾ?" ಎಂದ ದಪ್ಪ ಮನುಷ್ಯ.

"ಮುಂದೆ ಕಾಯ್ತಿದ್ದಾಳೆ," ಎಂದ ಜಾಬಿಜ್.

ದಡದ ಗುಂಟ ನಡೆದ. ತಗ್ಗಿನಲ್ಲಿ ನೀರು ಮೊಣಕಾಲಿಗೆ ಬಂತು. ಎರಡು ಸಲ ಬಿದ್ದ. ಬಿಲ್ಲೆ ಮಾತ್ರ ಬಿಡಲಿಲ್ಲ. ಕಂಬವಿದ್ದ ಜಾಗ ತಲುಪಿದಾಗ ಬೆಳಕು ಹಳದಿಗೆ ತಿರುಗಿತ್ತು. ಟ್ರಕ್ಕು ಇರಲಿಲ್ಲ. ಅದು ನಿಂತು ಹೋದ ಗುರುತಿತ್ತು, ಎಣ್ಣೆ ಸೋರಿದ ಕಲೆಯಿತ್ತು. ಅರ್ಧ ಗಂಟೆಯಾದರೂ ನಿಂತಿರಬೇಕು. ಬಿಸ್ಕಿಟ್ಟಿನ ಗಂಟನ್ನು ಬಿಚ್ಚಿ ಮರಳ ಮೇಲೆ ಇಟ್ಟಿದ್ದಳು. ಕಡಲಕಾಗೆಗಳು ಕೊನೆಯ ಚೂರಿಗೆ ಕಿತ್ತಾಡುತ್ತಿದ್ದವು. ಚಕ್ರದ ಗುರುತು ದಕ್ಷಿಣಕ್ಕೆ, ಫೆರ್ರಿಯ ಕಡೆಗೆ ಹೋಗಿತ್ತು.

"ಲುವೀನಿಯಾ!" ಎಂದು ಕೂಗಿದ. ಗಾಳಿ ಉತ್ತರದ್ದೇ. ದನಿ ಮುಂದಕ್ಕೆ ಹೋಗುತ್ತಿತ್ತು, ಆದರೆ ಕೇಳುವವರು ಯಾರೂ ಇರಲಿಲ್ಲ.

ಎದುರಿನವರು ಬಂದಿಲ್ಲ, ತಿರುಗಿ ಹೋಗುವಂತಿಲ್ಲ. ಅವನು ಬಿಲ್ಲೆಯನ್ನು ಒಳಜೇಬಿಗಿಟ್ಟು, ಚಕ್ರದ ಗುರುತು ಹಿಡಿದು ಮುಂದಕ್ಕೆ ನಡೆಯತೊಡಗಿದ.